ತಮ್ಮನಿಗೆಂದು ಹದ ಮಾಡಿದ ಕತ್ತಿ

ಅಂಗಡಿಗೆ ಬರುವವರೆಲ್ಲ ಅವನನ್ನು ಪಾಲಿಶಣ್ಣ ಅನ್ನುತ್ತಿದ್ದರು. ಅವನು ಗಡ್ಡ ತೆಗೆದರೆ ಕೆನ್ನೆ ಪಾಲಿಶ್ ಹೊಡೆದ ಹಾಗಾಗುತ್ತೆ ಅಂತ ಯಾರೋ ಒಬ್ಬ ಬಸ್ ಕಂಡಕ್ಟರ್ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರಿಗೆ ಕೆಲಸವಿಲ್ಲದಾಯಿತು. ಬಸ್ ಡಿಪೋ ಪಕ್ಕದ ಕಟ್ಟಡದಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಅವನ ಕಟಿಂಗ್ ಶಾಪ್. ಎರಡು ಕುರ್ಚಿ. ಒಂದು ತಿರುಗುವುದಿಲ್ಲ, ಅದರ ಮೇಲೆ ಹಳೇ ಪೇಪರಿನ ರಾಶಿ. ಎದುರಿಗೆ ಅಂಚು ಕಪ್ಪಾದ ಕನ್ನಡಿ. ಎತ್ತರದ ಗಿರಾಕಿ ಸರಕ್ಕನೆ ಎದ್ದರೆ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು, ಬಡಿಸಿಕೊಂಡವರಿಗೆ ಚಹಾ ಪುಕ್ಕಟೆ.

ದಿನವಿಡೀ ಮಾತಿನ ನಡುವೆ ನಿಲ್ಲುವ ಕೆಲಸ. ಕುರ್ಚಿಯಲ್ಲಿ ಕೂತವನು ಹೆಂಡತಿಯ ಮೇಲಿನ ಸಿಟ್ಟು, ಮೇಲಧಿಕಾರಿಯ ಮೇಲಿನ ಹೊಟ್ಟೆಕಿಚ್ಚು, ಮೊಣಕಾಲು ನೋವು ಎಲ್ಲ ಒದರಿ ಹಗುರಾಗಿ ಎದ್ದು ಹೋಗುತ್ತಾನೆ. ಪಾಲಿಶಣ್ಣನದು 'ಹೌದಾ', 'ಬಿಡಿ, ಸರಿಹೋಗುತ್ತೆ', ಇಷ್ಟೇ. ನೀನು ಹೇಗಿದ್ದೀಯಪ್ಪಾ ಅಂತ ಒಬ್ಬನೂ ತಿರುಗಿ ಕೇಳಿದ್ದಿಲ್ಲ. ಬೆಳಗಿನಿಂದ ಸಂಜೆವರೆಗೆ ಊರವರ ಕೆನ್ನೆ, ಗದ್ದ, ಕತ್ತು ಮುಟ್ಟುವ ಮನುಷ್ಯ ಮನೆಗೆ ಹೋದರೆ ಒಂದು ಜೀವವನ್ನೂ ಮುಟ್ಟುತ್ತಿರಲಿಲ್ಲ. ಅಂಗಡಿಯಲ್ಲಾದರೆ ಕೈ ತುಂಬ ಸಾಬೂನಿನ ನೊರೆ ಇರುತ್ತೆ, ಅಲ್ಲಿ ಪರವಾಗಿಲ್ಲ, ಮನೆಯಲ್ಲಿ ಬೇಡ. ಇದು ಅವನೇ ಹಾಕಿಕೊಂಡ ಲೆಕ್ಕ.

ಆ ಲೆಕ್ಕ ಶುರುವಾದದ್ದು ಅವನು ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ. ಆಗೆಲ್ಲ ಈಗಿನ ಹಾಗೆ ತಲೆಗೊಂದು ಹೊಸ ಬ್ಲೇಡು ಎಲ್ಲಿತ್ತು? ಅಂಗಡಿಗೊಂದು ಕತ್ತಿ. ಬಂದವರಿಗೆಲ್ಲ ಅದೇ. ಗಾಯವಾದರೆ ಉಜ್ಜಲು ಒಂದೇ ಪಟಿಕದ ಕಲ್ಲು, ಅದೂ ಎಲ್ಲರಿಗೂ. ಕತ್ತಿ ಹದವಾಗಿದೆಯೋ ಇಲ್ಲವೋ ನೋಡಲು ಕಲಿಯುವವನು ತನ್ನ ಹೆಬ್ಬೆರಳ ಮೇಲೆ ಎಳೆದು ನೋಡಬೇಕು, ಚರ್ಮ ಸೀಳಿದರೆ ಹದ ಬಂದ ಹಾಗೆ. ಅವನ ಹೆಬ್ಬೆರಳು ಯಾವಾಗಲೂ ಗೀರು ಗೀರು. ಒಂದು ಸಲ ಊಟದ ವಾಸನೆ ಬಂದರೆ ಹೊಟ್ಟೆ ತೊಳಸತೊಡಗಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ಅಮ್ಮ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸಿದಳು. ಹಳದಿ ಇಳಿಯಿತು. ಸೊಪ್ಪಿನ ರಸಕ್ಕೆ ಹೆಸರು ಬಂತು.

ಆದರೆ ಸುಸ್ತು ಬಿಡಲಿಲ್ಲ. ಬಹಳ ದಿನದ ಮೇಲೆ ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನ ಹಿರಿಯ ಡಾಕ್ಟರು ರಕ್ತ ನೋಡಿಸಿ, ಕನ್ನಡಕ ಹಣೆಗೇರಿಸಿ ಹೇಳಿದರು: "ಕಣ್ಣಿನ ಹಳದಿ ಹೋಗಿದೆ. ಆದ್ರೆ ಇದು ಒಳಗೇ ಉಳಿಯೋ ಜಾತಿ ಕಾಮಾಲೆ. ಮನೇಲಿ ಜಾಗ್ರತೆಯಿಂದಿರು." ಅಷ್ಟು ಹೇಳಿ ಮುಂದಿನವರನ್ನು ಕರೆದರು. ಅಲ್ಲ, ಜಾಗ್ರತೆ ಅಂದರೆ ಯಾವುದರಲ್ಲಿ? ಕೂರುವುದರಲ್ಲೋ, ಉಣ್ಣುವುದರಲ್ಲೋ, ಕೆಮ್ಮುವುದರಲ್ಲೋ? ಇನ್ನೊಂದು ಮಾತು ಆಡಿದ್ದರೆ ಆ ಮಹಾನುಭಾವರ ಬಾಯಿ ಸವೆದುಹೋಗುತ್ತಿತ್ತೇ? ಕ್ಯೂ ಉದ್ದವಿತ್ತು, ಅವರಿಗೂ ಹೊಟ್ಟೆ ಹಸಿದಿತ್ತು ಅಂತ ಇಟ್ಟುಕೊಳ್ಳೋಣ. ಅವನೂ ಕೇಳಲಿಲ್ಲ. ದೊಡ್ಡವರನ್ನು ಎದುರು ನಿಂತು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ.

ಮನೆಯಲ್ಲಿ ಅಮ್ಮ ಜಾಗ್ರತೆಗೆ ತನ್ನ ಅರ್ಥ ಹಚ್ಚಿದಳು. ಒಂದು ಸ್ಟೀಲಿನ ತಟ್ಟೆ, ಒಂದು ಲೋಟ, ಒಂದು ಚಮಚ ಬೇರೆ ತೆಗೆದಿಟ್ಟು, ಗುರುತಿಗೆ ಅಂಚಿನಲ್ಲಿ ಮೊಳೆಯಿಂದ ಒಂದೊಂದು ಚುಚ್ಚು ಹೊಡೆದಳು. ಹೊಡೆಯುತ್ತ ಅತ್ತಳು. "ನಿನ್ನ ತಮ್ಮ ಇನ್ನೂ ಚಿಕ್ಕವನು ಕಣೋ, ತಪ್ಪು ತಿಳ್ಕೋಬೇಡ" ಅಂದಳು. ಅವನು ತಪ್ಪು ತಿಳಿಯಲಿಲ್ಲ. ಅವತ್ತಿನಿಂದ ಅವನ ಊಟ ಹಿಂಬಾಗಿಲ ಮೆಟ್ಟಿಲ ಮೇಲೆ, ಬಟ್ಟೆ ಒಗೆಯುವ ಕಲ್ಲಿಗೆ ಮುಖ ಮಾಡಿ. ಒಳಗಿನಿಂದ ತಟ್ಟೆಗಳ ಸದ್ದು, ತಮ್ಮನ ನಗು ಕೇಳಿಸುತ್ತಿತ್ತು. ಉಂಡು, ತಟ್ಟೆ ತಾನೇ ತೊಳೆದು, ಕಿಟಕಿಯ ಸರಳಿಗೆ ಆನಿಸಿ ಇಡುತ್ತಿದ್ದ.

ಅವನಿಗೆ ಒಂದು ಹೆಣ್ಣು ನೋಡಿ ಮಾತುಕತೆ ಮುಗಿದಿತ್ತು. ಕಾಮಾಲೆಯ ಸುದ್ದಿ ಹುಡುಗಿಯ ಮನೆಯವರ ಕಿವಿಗೆ ಬಿತ್ತು. ಅವರು ಜಗಳವಾಡಲಿಲ್ಲ, ಬೈಯಲಿಲ್ಲ, ಬರುವುದನ್ನು ನಿಲ್ಲಿಸಿದರು ಅಷ್ಟೇ. ಇನ್ನೊಂದು ಕಡೆ ನೋಡೋಣ ಅಂತ ಅಮ್ಮ ಗೋಗರೆದಳು. ಅವನು ಬೇಡವೆಂದ. ಅವನು ಆ ಹುಡುಗಿಯನ್ನು ಒಂದೇ ಸಲ ನೋಡಿದ್ದು, ಮುಖವೂ ಸರಿಯಾಗಿ ನೆನಪಿರಲಿಲ್ಲ. ಆದರೂ ಬಹಳ ವರ್ಷ ಅವಳ ಊರ ಕಡೆಯ ಬಸ್ಸು ಅಂಗಡಿಯ ಮುಂದೆ ಹೋದರೆ ಕಿಟಕಿಗಳನ್ನು ನೋಡುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ.

ಇಷ್ಟರ ನಡುವೆ ಅವನಿಗೆ ಒಂದು ಸುಖ ಇತ್ತು. ಭಾನುವಾರದ ಬೆಳಿಗ್ಗೆ.

ತಮ್ಮನಿಗೆ ಮೀಸೆ ಗಡ್ಡ ಮೂಡಿದಾಗಿನಿಂದ ಭಾನುವಾರ ಅಂಗಡಿ ತೆರೆಯುವ ಮುಂಚೆ ಹಿತ್ತಲಲ್ಲಿ ಅವನ ಗಡ್ಡ ತೆಗೆಯುವುದು ಅಣ್ಣನ ಕೆಲಸ. ಅದಕ್ಕೆ ಅಂಗಡಿಯ ಬ್ಲೇಡು ಮುಟ್ಟುತ್ತಿರಲಿಲ್ಲ. ಸ್ವಂತ ಅಂಗಡಿ ಹಾಕಿದಂದಿನಿಂದ ಗಿರಾಕಿಗಳಿಗೆಲ್ಲ ಹೊಸ ಬ್ಲೇಡು ಮುರಿದು ಹಾಕುವುದು ಅವನ ಕ್ರಮ, ಕೇಳಿದರೂ ಕೇಳದಿದ್ದರೂ. "ಬ್ಲೇಡು ಊರವರಿಗೆ. ನಿನಗೆ ಅಪ್ಪನ ಕತ್ತಿ" ಅನ್ನುತ್ತಿದ್ದ. ಎಂದೋ ತೀರಿಕೊಂಡ ಅಪ್ಪನ ಮಡಿಚುವ ಕತ್ತಿ, ಕೊಂಬಿನ ಹಿಡಿಯದು. ಅದನ್ನು ತೊಗಲಿನ ಪಟ್ಟಿಗೆ ತೀಡಿ ತೀಡಿ ನುಣುಪು ಮಾಡುತ್ತಿದ್ದ. ಆದರೆ ತೀಡಿದ ಕತ್ತಿಯ ಮೊದಲ ಓಟ ಒರಟು ಅಂತ ಆ ಕಸುಬಿನವರ ನಂಬಿಕೆ. ಎಳೆಯ ಚರ್ಮಕ್ಕೆ ಉರಿಯುತ್ತೆ. ಹಾಗಾಗಿ ಮೊದಲ ಓಟವನ್ನು ತನ್ನ ಕೆನ್ನೆಯ ಮೇಲೆ ಓಡಿಸಿ, ಒರಟೆಲ್ಲ ತಾನು ತಿಂದು, ಕತ್ತಿ ಮೆತ್ತಗಾದ ಮೇಲೆ ನೀರಲ್ಲಿ ಅದ್ದಿ, ಒರೆಸಿ, ತಮ್ಮನ ಮುಖಕ್ಕೆ ಹಿಡಿಯುತ್ತಿದ್ದ. ತನ್ನ ಗದ್ದದಲ್ಲಿ ಒಂದೆರಡು ರಕ್ತದ ಚುಕ್ಕೆ ಕಂಡರೆ ಅವನಿಗೆ ಸಮಾಧಾನವೇ. ಪಾಪ ಅವನಿಗೆ ಹೋಗೋದು ನನಗೆ ಬಂತಲ್ಲ ಅಂದುಕೊಳ್ಳುತ್ತಿದ್ದ.

ತಮ್ಮ ಕಣ್ಣು ಮುಚ್ಚಿ, ತಲೆಯನ್ನು ಅಣ್ಣನ ಹೊಟ್ಟೆಗೆ ಒರಗಿಸಿ ಕೂರುತ್ತಿದ್ದ. ಅಷ್ಟು ಹೊತ್ತು ಆ ತಲೆಯ ಭಾರ ಅವನದು. ವಾರವಿಡೀ ಹಿಂಬಾಗಿಲಲ್ಲಿ ಕೂತು ಉಂಡದ್ದೆಲ್ಲ ಆ ಹೊತ್ತಿಗೆ ಮರೆತುಹೋಗುತ್ತಿತ್ತು. ನೊರೆ ಇದೆಯಲ್ಲ, ಏನೂ ಆಗಲ್ಲ ಅಂತ ಅವನ ಧೈರ್ಯ.

ತಮ್ಮ ಬೆಳೆದು ಡಿಪೋದಲ್ಲಿ ಮೆಕ್ಯಾನಿಕ್ ಆದ. ಅಮ್ಮ ಹೋದಳು. ತಮ್ಮನಿಗೆ ಮದುವೆಯಾಯಿತು, ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಮಾತು ಕಡಿಮೆ, ಆಡಿದರೆ ನೇರ. ಬಂದ ಹೊಸದರಲ್ಲೇ ಭಾವನ ತಟ್ಟೆಯನ್ನು ಒಳಗೆ ತಂದಿಟ್ಟಳು. "ಎಲ್ರೂ ಒಟ್ಟಿಗೆ ಕೂತ್ರೆ ನನಗೂ ಬಡಿಸೋ ಕೆಲಸ ಒಂದೇ ಸಲ ಮುಗಿಯುತ್ತೆ ಭಾವ" ಅಂದಳು. ಅವನು ತಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋದ. "ಬೇಡಮ್ಮಾ. ನಿಮಗೆ ಮಕ್ಕಳು ಮರಿ ಆಗಬೇಕು" ಅಂದ. ಆ ಮೇಲೆ ಅವಳು ಒತ್ತಾಯ ಮಾಡಲಿಲ್ಲ, ಆದರೆ ಬಿಸಿಯಾಗಿರುವಾಗಲೇ ಮೊದಲು ಅವನಿಗೆ ತಂದು ಬಡಿಸುತ್ತಿದ್ದಳು.

ಮದುವೆಯಾಗಿ ಒಂದು ವರ್ಷಕ್ಕೆ ತಮ್ಮನ ಕಣ್ಣು ಹಳದಿಯಾಯಿತು. ಆ ಹೊತ್ತಿಗೆ ಬೀದಿಯಲ್ಲಿ ನೀರಿನ ಪೈಪು ಒಡೆದು ಚರಂಡಿಯ ನೀರು ಸೇರಿಕೊಂಡಿತ್ತು, ಇನ್ನೂ ಕೆಲವರಿಗೆ ಕಾಮಾಲೆ ಬಂದಿತ್ತು. ಸರಿ, ಇವನದೂ ಅದೇ ಅಂತ ಆಯಿತು. ರಕ್ತ ಪರೀಕ್ಷೆ ಯಾರು ಮಾಡಿಸುತ್ತಾರೆ? ಅವನು ಮಲಗಿ ಎದ್ದ, ವಾಸಿಯಾದ. ಅವನ ಹೆಂಡತಿ, ಪಾಲಿಶಣ್ಣನ ನಾದಿನಿ, ಅಂದಿನಿಂದ ನೀರು ಕುದಿಸದೆ ಒಂದು ಹನಿಯನ್ನೂ ಕೊಡಳು. ಪಾಲಿಶಣ್ಣನಿಗೆ ಮಾತ್ರ ತನ್ನ ತಟ್ಟೆಯ ಮೇಲೇ ಅನುಮಾನ. ತೊಳೆದದ್ದನ್ನೇ ಮತ್ತೆ ಬಿಸಿನೀರಲ್ಲಿ ತೊಳೆದ. ಭಾನುವಾರ ಕತ್ತಿ ತೀಡಿದ, ಮೊದಲ ಓಟ ತನ್ನ ಮುಖಕ್ಕೆ, ಆ ಮೇಲೆ ತಮ್ಮನಿಗೆ.

ನಾದಿನಿ ಬಸುರಿಯಾದಳು. ಆರೋಗ್ಯ ಕೇಂದ್ರದಲ್ಲಿ ಎಲ್ಲ ಬಸುರಿಯರಿಗೂ ಮಾಡುವ ಹಾಗೆ ರಕ್ತ ಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ ಇದೆ ಅಂದರು. ಗಂಡನದೂ ನೋಡೋಣ ಅಂತ ಅವನನ್ನು ಕರೆಸಿ ನೋಡಿದರು. ಅವನಲ್ಲಿ ಇಲ್ಲ ಅಂದರು.

ಅವತ್ತು ರಾತ್ರಿ ಗೋಡೆಯ ಆಚೆಯಿಂದ ತಮ್ಮನ ದನಿ. ಪಾಲಿಶಣ್ಣನ ಕೋಣೆ ಹಿಂದುಗಡೆ, ಬೇಡವೆಂದರೂ ಕೇಳುತ್ತಿತ್ತು. ನಾದಿನಿಯ ದನಿ ಏಳುತ್ತಲೇ ಇರಲಿಲ್ಲ. ಅವಳು ಹಾಸಿಗೆಯನ್ನು ಅಡುಗೆಮನೆಗೆ ತಂದು ಹಾಕಿಕೊಂಡದ್ದು ಮಾತ್ರ ಬೆಳಿಗ್ಗೆ ಕಂಡಿತು. ಭಾವನಿಗೆ ಬಡಿಸಲು ಬಂದಾಗ ಅವಳ ಕಣ್ಣು ಊದಿತ್ತು. ಅವನು ತಲೆ ತಗ್ಗಿಸಿ ಉಂಡ.

ಭಾನುವಾರ ತಮ್ಮ ಹಿತ್ತಲಿಗೆ ಬಂದು ಕೂತ. ಅಣ್ಣ ತನ್ನ ಗಡ್ಡ ತೆಗೆದುಕೊಂಡು, ಕತ್ತಿ ಅದ್ದಿ, ಅವನಿಗೆ ನೊರೆ ಹಚ್ಚಿದ. ತಮ್ಮ ಕಣ್ಣು ಮುಚ್ಚಲಿಲ್ಲ.

"ಅವಳ ರಕ್ತದಲ್ಲಿ ಇದೆಯಂತೆ, ನನ್ನದರಲ್ಲಿ ಇಲ್ವಂತೆ" ಅಂದ. "ಗಂಡ ಹೆಂಡ್ತಿ ಮಧ್ಯೆ ಹರಡುತ್ತೆ ಅಂತ ಅವರೇ ಹೇಳಿದ್ರು. ನನ್ನಿಂದ ಅಲ್ಲ ಅಂದ್ಮೇಲೆ ಎಲ್ಲಿಂದ ಬಂತು ಅಣ್ಣ? ನೀನೇ ಹೇಳು. ಮಗು ನನ್ನದು ಅಂತ ನಾನು ಹೇಗೆ ನಂಬ್ಲಿ?"

ಅಣ್ಣನ ಕೈ ಅಲ್ಲೇ ನಿಂತಿತು. "ಹಾಗೆಲ್ಲ ಮಾತಾಡಬೇಡ ಕಣೋ" ಅಂದ. ಆದರೆ ಹಳೆಯ ಮಾತೊಂದು ನೆನಪಾಗಿತ್ತು. ಒಳಗೇ ಉಳಿಯೋ ಜಾತಿ ಅಂದಿದ್ದರಲ್ಲ ಆ ಡಾಕ್ಟರು. ಈ ಮನೆಯಲ್ಲಿ ಅದು ಯಾರ ಒಳಗಿದೆ ಅಂತ ಅವನಿಗಲ್ಲದೆ ಯಾರಿಗೆ ಗೊತ್ತು?

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಅವನು ಆರೋಗ್ಯ ಕೇಂದ್ರಕ್ಕೆ ಹೋದ. ಬೆಂಚಿನ ಮೇಲೆ ಬಸುರಿಯರ ಸಾಲು, ನಡುವೆ ಇವನೊಬ್ಬ ಗಂಡಸು. ಅವನ ಸರದಿ ಬಂದಾಗ ಸಿಸ್ಟರ್ ತಲೆ ಎತ್ತಿ, "ಏನಪ್ಪಾ, ನಿಮಗೆಷ್ಟು ತಿಂಗಳು?" ಅಂದಳು. ಬೆಂಚಿನವರೆಲ್ಲ ನಕ್ಕರು. ಅವನು ನಗಲಿಲ್ಲ. ಅವಳು ಅವನ ಮುಖ ನೋಡಿ ನಗು ನಿಲ್ಲಿಸಿ ಒಳಗೆ ಕರೆದುಕೊಂಡು ಹೋದಳು.

"ನನಗೆ ಹಿಂದೆ ಕಾಮಾಲೆ ಆಗಿತ್ತು. ಒಳಗೇ ಉಳಿಯೋ ಜಾತಿ ಅಂದಿದ್ರು. ಅದು ಇನ್ನೊಬ್ಬರಿಗೆ ಹೇಗೆ ಹೋಗುತ್ತೆ ಅಂತ ಕೇಳಬೇಕಿತ್ತು. ನಾನು ತಟ್ಟೆ ಲೋಟ ಎಲ್ಲ ಬೇರೆ ಇಟ್ಕೊಂಡಿದ್ದೀನಿ" ಅಂದ.

"ಎಷ್ಟು ವರ್ಷದಿಂದ?"

"ತಮ್ಮ ಚಿಕ್ಕವನಿದ್ದ. ಈಗ ಅವನಿಗೆ ಮದುವೆಯಾಗಿದೆ."

ಸಿಸ್ಟರ್ ಪೆನ್ನು ಕೆಳಗಿಟ್ಟಳು. ಅವಳಿಗೆ ಹೊರಗೆ ಕ್ಯೂ ಇತ್ತು, ಆದರೂ ಹೇಳಿದಳು, ಆ ಪುಣ್ಯಾತ್ಗಿತ್ತಿ. ಕಾಮಾಲೆ ಅನ್ನೋದು ಕಾಯಿಲೆಯ ಹೆಸರಲ್ಲ, ಲಿವರ್ ಕೆಟ್ಟಿದೆ ಅಂತ ಕಣ್ಣಲ್ಲಿ ಕಾಣೋ ಗುರುತು. ಅದನ್ನ ತರೋ ವೈರಸ್‌ಗಳು ಬೇರೆ ಬೇರೆ. ಕೆಟ್ಟ ನೀರಲ್ಲಿ, ತೊಳೆಯದ ಕೈಯಲ್ಲಿ ಬರೋವು ಇವೆ. ನೀರು ಕುದಿಸಿದ್ರೆ, ಕಕ್ಕಸಿಗೆ ಹೋಗಿ ಬಂದು ಸಾಬೂನಿಂದ ಕೈ ತೊಳೆದ್ರೆ ಅವು ಹತ್ತಿರ ಸುಳಿಯಲ್ಲ, ಬಂದ್ರೂ ಸಾಮಾನ್ಯವಾಗಿ ಬಂದ ಹಾಗೇ ಹೋಗ್ತವೆ, ಬಸುರಿಯರಿಗೆ ಮಾತ್ರ ಅದರಲ್ಲೊಂದು ಜೀವಕ್ಕೇ ಕಂಟಕ. ಇದು ಅದಲ್ಲ. ಇದು ರಕ್ತದಲ್ಲಿ ಹೋಗೋದು. ತಾಯಿಯಿಂದ ಹುಟ್ಟೋ ಮಗುವಿಗೆ, ಗಂಡ ಹೆಂಡಿರ ನಡುವೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ. ದೊಡ್ಡವರಲ್ಲಿ ಹೆಚ್ಚಿನವರ ಮೈ ಇದನ್ನ ತಾನೇ ಹೊರಗೆ ಹಾಕುತ್ತೆ, ಕೆಲವರದ್ದು ಹಾಕಲ್ಲ. ಕಣ್ಣು ಬೆಳ್ಳಗಾಯ್ತು ಅಂತ ಅದು ಹೋಯ್ತು ಅಂತಲ್ಲ.

"ಮತ್ತೆ ತಟ್ಟೆ?" ಅಂದ ಅವನು.

"ತಟ್ಟೇಲಿ ಬರಲ್ಲಪ್ಪಾ. ಲೋಟದಲ್ಲಿ ಬರಲ್ಲ, ಒಟ್ಟಿಗೆ ಕೂತು ಉಂಡ್ರೆ ಬರಲ್ಲ. ತಬ್ಬಿಕೊಂಡ್ರೂ ಬರಲ್ಲ. ಮಕ್ಕಳನ್ನ ಎತ್ತಿ ಆಡಿಸಬಹುದು."

ಹಿಂಬಾಗಿಲ ಮೆಟ್ಟಿಲು, ಒಗೆಯುವ ಕಲ್ಲು, ಅಷ್ಟೂ ವರ್ಷದ ಊಟ ಅವನ ಕಣ್ಣ ಮುಂದೆ ಬಂತು. ಅಮ್ಮ ಸಾಯುವಾಗ ಕೈ ಚಾಚಿದ್ದಳು, ಆಗಲೂ ಅವನು ದೂರದಿಂದ ಲೋಟ ಹಿಡಿದಿದ್ದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಸಿಸ್ಟರ್ ತನ್ನ ಪಾಡಿಗೆ ಮುಂದುವರಿಸಿದ್ದಳು. "ಬೇರೆ ಇಡಬೇಕಾದ್ದು ತಟ್ಟೆ ಅಲ್ಲ. ಹಲ್ಲುಜ್ಜೋ ಬ್ರಷ್ಷು, ಉಗುರು ತೆಗೆಯೋದು, ಗಡ್ಡದ ಬ್ಲೇಡು. ನಿಮ್ಮದೇನು ಕೆಲಸ?"

ಅವನು ಹೇಳಿದ. ಅಂಗಡಿಯಲ್ಲಿ ತಲೆಗೊಂದು ಹೊಸ ಬ್ಲೇಡು ಅಂದ. ಪಟಿಕದ ಕಲ್ಲು ಅಂದಾಗ ಅವಳು ಅದನ್ನೂ ಎಲ್ಲರಿಗೆ ಉಜ್ಜಬೇಡಿ, ಪುಡಿ ಮಾಡಿ ಹತ್ತಿಯಲ್ಲಿ ಹಚ್ಚಿ ಅಂದಳು. ಅವನು ತಲೆಯಾಡಿಸಿದ. ಆಮೇಲೆ ಅಪ್ಪನ ಕತ್ತಿಯ ಸುದ್ದಿಗೆ ಬಂದ. ಮೊದಲ ಓಟ ತನ್ನ ಮುಖಕ್ಕೆ ಅಂತ, ರಕ್ತದ ಚುಕ್ಕೆ ಬರುತ್ತಿತ್ತು ಅಂತ, ಬರೀ ನೀರಲ್ಲಿ ಅದ್ದುತ್ತಿದ್ದೆ ಅಂತ ಬಿಡಿಸಿ ಬಿಡಿಸಿ ಹೇಳಿದ. ತಮ್ಮನಿಗೆ ನಡುವೆ ಕಣ್ಣು ಹಳದಿಯಾಗಿತ್ತು, ನೀರಿನದು ಅಂದುಕೊಂಡೆವು ಅಂದ.

"ಪ್ರತಿ ಸಲ ತಗಲುತ್ತೆ ಅಂತಿಲ್ಲ. ಒಂದು ಸಲ ಸಾಕು" ಅಂದಳು. "ಖಚಿತವಾಗಿ ಇದರಿಂದಲೇ ಅಂತ ನಾನು ಹೇಳೋಕಾಗಲ್ಲ. ಆದ್ರೆ ನಿಮ್ಮ ತಮ್ಮಂಗೆ ಬಂದು, ಅವರ ಮೈ ಅದನ್ನ ಹೊರಗೆ ಹಾಕಿದ್ರೆ, ಈಗಿನ ಪರೀಕ್ಷೇಲಿ ಇಲ್ಲ ಅಂತಲೇ ಬರುತ್ತೆ. ಇನ್ನೊಂದು ಪರೀಕ್ಷೆ ಇದೆ. ಹಿಂದೆ ಯಾವಾಗಲಾದ್ರೂ ಬಂದು ಹೋಗಿದ್ರೆ ರಕ್ತದಲ್ಲಿ ಗುರುತು ಉಳಿದಿರುತ್ತೆ, ಅದರಲ್ಲಿ ಗೊತ್ತಾಗುತ್ತೆ. ಅವರನ್ನ ಕರ್ಕೊಂಡು ಬನ್ನಿ."

ಅವನ ರಕ್ತವನ್ನೂ ತೆಗೆದಳು. ವೈರಸ್ ಇನ್ನೂ ಇತ್ತು. ಲಿವರ್ ಸದ್ಯಕ್ಕೆ ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಹೆಂಡದ ಹತ್ತಿರ ಹೋಗಬಾರದು ಅಂದರು. ಅದನ್ನೆಲ್ಲ ಅವನು ಅರ್ಧ ಕಿವಿಯಲ್ಲಿ ಕೇಳಿದ.

ಕರೆದುಕೊಂಡು ಬನ್ನಿ ಅಂದುಬಿಟ್ಟಳು. ಸುಲಭವೇ? ಹೇಳಿದರೆ ತಮ್ಮನ ಮನೆಯಲ್ಲಿ ತನಗೆ ಜಾಗ ಉಳಿಯುತ್ತದೋ ಇಲ್ಲವೋ. ಜಾಗ ಹೋಗಲಿ, ಭಾನುವಾರ ಉಳಿಯುವುದಿಲ್ಲ, ಅದಂತೂ ಖಂಡಿತ. ಹೇಳದೆ ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ ಮಲಗುವವಳು ನಾಳೆ ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ, ಹುಟ್ಟುವ ಮಗು ಅಪ್ಪನಿಲ್ಲದೆ ಬೆಳೆಯುತ್ತೆ, ಅಷ್ಟೇ. ಅವನು ಕೇಂದ್ರದ ಗೇಟಿನ ಹತ್ತಿರ ಬಹಳ ಹೊತ್ತು ನಿಂತ. ಆಮೇಲೆ ಮನೆಗೂ ಹೋಗಲಿಲ್ಲ, ಅಂಗಡಿಗೂ ಹೋಗಲಿಲ್ಲ, ನೇರ ಡಿಪೋಗೆ ನಡೆದ.

ತಮ್ಮ ಬಸ್ಸಿನ ಕೆಳಗೆ ರಿಪೇರಿ ಗುಂಡಿಯಲ್ಲಿದ್ದ. ಅಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಮೇಲಿನಿಂದ ತಮ್ಮನ ತಲೆ, ಗ್ರೀಸು ಹಿಡಿದ ಮುಂಗೈ ಕಾಣುತ್ತಿದ್ದವು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು.

"ಅವಳದು ಏನೂ ತಪ್ಪಿಲ್ಲ ಕಣೋ" ಅಂದ. "ನನ್ನಿಂದ ನಿನಗೆ ಬಂದಿದೆ. ನಿನ್ನಿಂದ ಅವಳಿಗೆ. ಕತ್ತಿಯಿಂದ." ಸಿಸ್ಟರ್ ಹೇಳಿದ್ದನ್ನೆಲ್ಲ ತನಗೆ ಬಂದ ಹಾಗೆ ಹೇಳಿದ. ಸ್ಪ್ಯಾನರಿನ ಸದ್ದು ನಿಂತಿತು. ತಮ್ಮ ಮೇಲೆ ಹತ್ತಿ ಬಂದ, ಚಿಂದಿ ಬಟ್ಟೆಯಲ್ಲಿ ಕೈ ಒರೆಸತೊಡಗಿದ, ಒರೆಸಿದ್ದನ್ನೇ ಒರೆಸಿದ.

"ನಾನು ಅವಳಿಗೆ ಏನೇನು ಅಂದೆ ಗೊತ್ತಾ ನಿನಗೆ?" ಅಂದ.

"ಸ್ವಲ್ಪ ಕೇಳಿಸ್ತು."

"ಕೇಳಿಸಿದ್ದಕ್ಕಿಂತ ಕೆಟ್ಟದಾಗಿ ಅಂದಿದ್ದೀನಿ. ಅದನ್ನ ಈಗ ಏನು ಮಾಡ್ಲಿ?" "ತಟ್ಟೆ ಬೇರೆ, ಲೋಟ ಬೇರೆ, ದೊಡ್ಡ ಸನ್ಯಾಸಿ ಹಾಗೆ ಹಿಂದೆ ಕೂತ್ಕೋತಿದ್ದೆ. ಕೇಳಬಾರದಿತ್ತಾ ಯಾರನ್ನಾದ್ರೂ? ಒಂದು ಮಾತು ಕೇಳಬಾರದಿತ್ತಾ?"

ಕೇಳಬೇಕಿತ್ತು. ಅಣ್ಣ ಅಷ್ಟೂ ವರ್ಷ ಊರವರ ಮಾತು ಕೇಳಿದವನು, ತನಗೆ ಬೇಕಾದ ಒಂದು ಮಾತು ಕೇಳಿರಲಿಲ್ಲ. ತಪ್ಪಾಯಿತು ಅಂದ. ತಮ್ಮ ಮತ್ತೆ ಗುಂಡಿಗಿಳಿದ.

ಆದರೂ ಮಾರನೆಯ ದಿನ ತಮ್ಮ ಹೋಗಿ ರಕ್ತ ಕೊಟ್ಟ. ಹಳೆಯ ಗುರುತು ಇತ್ತು. ಬಂದು ಹೋಗಿದೆ, ಇನ್ನು ನಿಮಗೆ ಬರಲ್ಲ ಅಂದರು. ಅವನು ಮನೆಗೆ ಬಂದು ಹೆಂಡತಿಯ ಮುಂದೆ ನಿಂತು ಅದನ್ನೇ ಒಪ್ಪಿಸಿದ. ಅವಳು ಅಳಲಿಲ್ಲ. ಕಾಯಿ ಹೆಚ್ಚುತ್ತಿದ್ದವಳು ಚಾಕು ಬದಿಗಿಟ್ಟು, "ಈಗ ರಕ್ತ ಹೇಳಿದ್ಮೇಲೆ ನಂಬಿದ್ರಾ?" ಅಂತ ಮಾತ್ರ ಕೇಳಿದಳು. ಅವಳ ಹಾಸಿಗೆ ಅಡುಗೆಮನೆಯಿಂದ ಕದಲಲು ಇನ್ನೂ ಬಹಳ ದಿನ ಹಿಡಿಯಿತು.

ಪಾಲಿಶಣ್ಣ ಅಪ್ಪನ ಕತ್ತಿಯನ್ನು ಒಯ್ದು ಸೂಜಿ ಹಾಕುವ ಡಬ್ಬಿಗೆ ಹಾಕಿ ಅಂತ ಸಿಸ್ಟರ್ ಕೈಗೆ ಕೊಟ್ಟ. ಅಂಗಡಿಯಲ್ಲೇ ಒಂದು ಮಡಿಚುವ ಮಂಚ ಹಾಕಿಕೊಂಡು ಅಲ್ಲಿಗೇ ಹೋಗಿಬಿಡುವುದು ಅಂತ ಗಂಟು ಕಟ್ಟಿದ. ನಾದಿನಿ ಬಾಗಿಲಲ್ಲಿ ನಿಂತಳು. "ಈ ಹೊಟ್ಟೆ ಹೊತ್ಕೊಂಡು ನಿಮ್ಮ ಗಂಟು ಬಿಚ್ಚೋಕೆ ನನ್ನ ಕೈಲಾಗಲ್ಲ ಭಾವ, ನೀವೇ ಬಿಚ್ಚಿ" ಅಂದಳು. "ನೀವು ಹೇಳದೆ ಇದ್ದಿದ್ರೆ ನಾನು ಏನಾಗ್ತಿದ್ದೆ ಅಂತ ನನಗೆ ಗೊತ್ತು." ಅವನು ಬಿಚ್ಚಿದ. ಅವತ್ತು ಒಳಗೆ ಕೂತು ಉಂಡ. ಬಲಗಡೆ ತಮ್ಮ, ಎದುರಿಗೆ ನಾದಿನಿ. ಯಾರೋ ನೋಡುತ್ತಿದ್ದಾರೆ ಅನ್ನಿಸಿ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಇಷ್ಟು ವರ್ಷ ಒಬ್ಬನೇ ಉಂಡು, ಜೊತೆಗೆ ಉಣ್ಣುವುದೇ ಮರೆತುಹೋಗಿತ್ತು. ತಮ್ಮ ಬೇಗ ಬೇಗ ಉಂಡು ಎದ್ದ. ಭಾನುವಾರ ಅವನು ಹಿತ್ತಲಿಗೆ ಬರಲಿಲ್ಲ. ಅಣ್ಣ ಬಿಸಿನೀರು ಕಾಯಿಸಿಟ್ಟುಕೊಂಡು, ಹೊಸ ಬ್ಲೇಡು ತೆಗೆದಿಟ್ಟುಕೊಂಡು ಕಾದ. ನೀರು ಆರಿತು. ಮುಂದಿನ ಭಾನುವಾರ ಕಾಯಿಸಲಿಲ್ಲ.

ಇನ್ನು ಉಳಿದದ್ದು ಮಗು. ತಾಯಿಗೆ ಇರುವುದರಿಂದ ಹುಟ್ಟುವಾಗ ಮಗುವಿಗೆ ಹೋಗಬಹುದು, ಅಷ್ಟು ಎಳೆಯ ಮೈಗೆ ಹೋದರೆ ಬಿಡುವುದೇ ಇಲ್ಲ ಅಂದಿದ್ದಳು ಸಿಸ್ಟರ್. ಹುಟ್ಟಿದ ಕೂಡಲೇ, ಹನ್ನೆರಡು ಗಂಟೆಯೊಳಗೆ ಎರಡು ಇಂಜೆಕ್ಷನ್ ಬೀಳಬೇಕು, ಆಮೇಲೆ ಹೇಳಿದ ಹೊತ್ತಿಗೆ ಉಳಿದ ಲಸಿಕೆ. ಹೆರಿಗೆಯ ದಿನ ಪಾಲಿಶಣ್ಣ ಅಂಗಡಿ ಮುಚ್ಚಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ. ಬಿಳಿ ಬಟ್ಟೆ ಕಂಡವರನ್ನೆಲ್ಲ ತಡೆದು, "ಆ ಎರಡು ಇಂಜೆಕ್ಷನ್ನು ತಂದಿಟ್ಟಿದ್ದೀರಾ?" ಅಂತ ಕೇಳಿದ. ನೆಲ ಒರೆಸುವವಳನ್ನೂ ಕೇಳಿದ. ಕೇಳದೆ ಇದ್ದದ್ದಕ್ಕೆಲ್ಲ ಬಡ್ಡಿ ಸೇರಿಸಿ ಕೇಳಿದ ಅನ್ನಿ. ಕೊನೆಗೆ ನರ್ಸ್ ಒಬ್ಬಳು ರೇಗಿ, "ಹಾಕಾಯ್ತು, ಎರಡೂ ಹಾಕಾಯ್ತು ಮಾರಾಯ್ರೇ. ನೀವು ಮಗುವಿನ ಅಪ್ಪನಾ?" ಅಂದಳು.

"ಅಲ್ಲ. ದೊಡ್ಡಪ್ಪ" ಅಂದ. ಹೆಣ್ಣು ಮಗು ಅಂತ ಆಮೇಲೆ ಗೊತ್ತಾಯಿತು.

ಎದೆಹಾಲು ಕುಡಿಸಬಹುದು ಅಂದರು. ಮಗು ಕುಡಿದು ಗುಂಡಗೆ ಬೆಳೆಯಿತು. ಒಂದು ಲಸಿಕೆಯನ್ನೂ ತಪ್ಪಿಸಲಿಲ್ಲ. ಆದರೆ ನಿಜ ತಿಳಿಯಲು ಮಗುವಿಗೆ ವರ್ಷ ಹತ್ತಿರವಾಗಬೇಕು, ಆಗ ರಕ್ತ ನೋಡಬೇಕು. ಅಲ್ಲಿಯವರೆಗೆ ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಏನೂ ಆಗಲ್ಲ ಅಂತ ಗೊತ್ತಿತ್ತು, ಸಿಸ್ಟರ್ ಹೇಳಿದ್ದಳು, ನಾದಿನಿ ಎಷ್ಟೋ ಸಲ ಕೈ ಮುಂದೆ ಮಾಡಿ ಕೊಟ್ಟಿದ್ದಳು. ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗಿರಲಿಲ್ಲ. ತಮ್ಮ ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ: ಕರೆಂಟ್ ಬಿಲ್ಲು, ಗ್ಯಾಸು, ಮಗುವಿನ ಜ್ವರ. ಸಿಟ್ಟು ಅಂತ ಅನ್ನಿಸುತ್ತಿರಲಿಲ್ಲ. ಅಣ್ಣನನ್ನು ನೋಡಿದರೆ ಹೆಂಡತಿಗೆ ಅಂದ ಮಾತು ನೆನಪಾಗುತ್ತಿತ್ತೋ ಏನೋ.

ಮಗುವಿನ ರಕ್ತದ ಫಲಿತಾಂಶ ಬರುವ ದಿನ ಪಾಲಿಶಣ್ಣ ಅಂಗಡಿಯಲ್ಲಿದ್ದ. ಒಬ್ಬನಿಗೆ ಎರಡು ಸಲ ಪೌಡರ್ ಹಾಕಿದ, ಇನ್ನೊಬ್ಬನ ಕ್ರಾಪು ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಮಾಡಿ ಮತ್ತೆ ಸರಿಮಾಡಿದ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಮ್ಮ ಬಂದು ಬಾಗಿಲಲ್ಲಿ ನಿಂತ. ಡಿಪೋ ಇಷ್ಟು ಹತ್ತಿರವಿದ್ದರೂ ಆ ವರ್ಷ ಅವನು ಅಂಗಡಿಗೆ ಕಾಲಿಟ್ಟಿರಲಿಲ್ಲ.

"ಮಗೂಗೆ ಏನೂ ಇಲ್ವಂತೆ" ಅಂದ. "ಇನ್ನು ಬರೋದೂ ಇಲ್ವಂತೆ. ಲಸಿಕೆ ಚೆನ್ನಾಗಿ ಹಿಡಿದಿದೆ ಅಂದ್ರು."

ಪಾಲಿಶಣ್ಣ ಕುರ್ಚಿಯ ಹಿಂಭಾಗ ಹಿಡಿದುಕೊಂಡ. "ಸದ್ಯ" ಅಂದ. ಮತ್ತೆ ಮತ್ತೆ ಅದನ್ನೇ ಅಂದ, ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ತಮ್ಮನೂ ಮುಖ ತಿರುಗಿಸಿ ಬೀದಿಯ ಕಡೆ ನೋಡಿದ.

ಹಾಗೆ ತಿರುಗಿದಾಗ ಬಾಗಿಲ ಬೆಳಕು ಅವನ ಎಡಗೆನ್ನೆಯ ಮೇಲೆ ಬಿತ್ತು. ದವಡೆಯ ಕೆಳಗೆ ಒಂದು ಕಡೆ ಕೂದಲು ಹಾಗೇ ಉಳಿದಿತ್ತು, ಸುತ್ತ ಬ್ಲೇಡು ಕೆರೆದು ಕೆಂಪಾಗಿತ್ತು. ಅಲ್ಲಿ ಅವನ ಗಡ್ಡ ಉಲ್ಟಾ ಬೆಳೆಯುತ್ತದೆ. ಅದು ಅಣ್ಣನಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ, ಆ ಮುಖದ ಒಡೆಯನಿಗೂ ಗೊತ್ತಿರಲಿಲ್ಲ. ಅಣ್ಣನ ಕೈ ತಾನಾಗಿಯೇ ಮೇಲೆದ್ದಿತು. ತಮ್ಮ ಅರ್ಧ ಹೆಜ್ಜೆ ಹಿಂದೆ ಸರಿದ. ಬೇಕೆಂದು ಸರಿದದ್ದಲ್ಲ ಇರಬಹುದು, ಆದರೆ ಸರಿದ.

ಕೈ ಕೆಳಗೆ ಬಂತು. ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿಕೊಂಡು ಕೊಡವಿತು.

"ಯಾರ ಹತ್ರ ಹೋಗ್ತಿದ್ದೀಯ?" ಅಂದ ಅಣ್ಣ.

"ನಾನೇ ಮಾಡ್ಕೋತೀನಿ."

"ಎಡಗಡೆ ಕೆಳಗೆ ಸುಳಿ ಇದೆ ನಿನಗೆ. ಅಲ್ಲಿ ಕೆಳಗಿಂದ ಮೇಲಕ್ಕೆ ಎಳೀಬೇಕು, ಮೆಲ್ಲಗೆ. ಕನ್ನಡೀಲಿ ಕಾಣಲ್ಲ ಅದು, ಬೆರಳಲ್ಲಿ ಮುಟ್ಟಿ ನೋಡ್ಕೋ."

ತಮ್ಮ ಬೆರಳಲ್ಲಿ ಆ ಜಾಗ ಮುಟ್ಟಿ ನೋಡಿಕೊಂಡ. "ಹೂಂ" ಅಂದ. "ಹಾಗೇ ಮಾಡ್ತೀನಿ ಅಣ್ಣ." ಆಮೇಲೆ ಡಿಪೋ ಕಡೆಗೆ ನಡೆದ.